ಎಣಿಸದ ಉಸಿರು

ಭಾನುವಾರ, ಬೆಳಿಗ್ಗೆ

ಮುದ್ದು ಪುಟ್ಟಿಗೆ,

ನಿನ್ನ ಕೋಪ ಇನ್ನೂ ಇಳಿದಿಲ್ಲವೇನೋ, ಆದರೂ ಇದನ್ನು ಕೊನೆಯವರೆಗೆ ಓದು. ನಿನ್ನ ಹೆರಿಗೆಗೆ ಬರುತ್ತೇನೆ ಅಂತ ನಾನಂದಾಗ, ನರ್ಸ್ ಬರೋದು ಬೇಡ, ಅಮ್ಮ ಆಗಿ ಬರೋದಾದ್ರೆ ಬಾ ಅಂತ ಹೇಳಿ ನೀನು ಫೋನಿಟ್ಟೆ. ಒಂದು ತಿಂಗಳು ನಾನೂ ಮುಖ ಊದಿಸಿಕೊಂಡಿದ್ದೆ. ಹೆತ್ತವಳಿಗೆ ಹೀಗನ್ನಬಹುದೇ ಎಂದು ಪಾತ್ರೆಗಳ ಮೇಲೆಲ್ಲ ಸಿಟ್ಟು ತೀರಿಸಿಕೊಂಡೆ.

ಈ ನಡುವೆ ನಮ್ಮ ಕ್ಯಾನ್ಸರ್ ವಾರ್ಡಿನ ಸಿಬ್ಬಂದಿಗೆಲ್ಲ ಧ್ಯಾನದ ತರಗತಿ ಶುರುವಾಗಿದೆ. ಮಂಗಳವಾರ ಮಧ್ಯಾಹ್ನ ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ ಕೂರುತ್ತೇವೆ. ಕಲಿಸುವವಳು ನಿನ್ನ ವಯಸ್ಸಿನವಳು. ಕಣ್ಣು ಮುಚ್ಚಿ ಉಸಿರನ್ನು ಸುಮ್ಮನೆ ಗಮನಿಸಿ, ಮತ್ತೇನೂ ಮಾಡಬೇಡಿ ಅಂದಳು. ಮೊದಲ ದಿನ ಹೇಗಿತ್ತು ಅಂತ ಕೇಳಿದಾಗ ನಾನು, ನಿಮಿಷಕ್ಕೆ ಹದಿನೆಂಟು, ನಾರ್ಮಲ್ ಅಂದುಬಿಟ್ಟೆ. ಪಕ್ಕದ ಹಿರಿಯ ಸಿಸ್ಟರ್ ತಮ್ಮದು ಇಪ್ಪತ್ತು ಅಂದರು. ನೋಡಿದರೆ ಎಂಟೂ ಜನ ಎಣಿಸಿದ್ದೆವು! ಡಾಕ್ಟರಂತೂ ಒಂದು ಕಣ್ಣು ತೆರೆದು ಗಡಿಯಾರ ನೋಡುತ್ತಿದ್ದರಂತೆ. ಆ ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ ಕೂತಳು.

ನಮಗೆ ಬೇರೆ ಗೊತ್ತಿಲ್ಲ ಪುಟ್ಟಿ. ಇಪ್ಪತ್ತೆರಡು ವರ್ಷದಿಂದ ಯಾರ ಎದುರು ನಿಂತರೂ ನನ್ನ ಕಣ್ಣು ಮೊದಲು ಅವರ ಎದೆಯ ಏರಿಳಿತಕ್ಕೆ ಹೋಗುತ್ತದೆ. ಎಣಿಸುತ್ತಿರುವಷ್ಟು ಹೊತ್ತು ಬೇರೇನೂ ಒಳಗೆ ಬರುವುದಿಲ್ಲ. ನೀನು ಜ್ವರ ಬಂದು ಮಲಗಿದಾಗಲೂ ಹಣೆ ಸವರುವ ಮೊದಲು ಎಣಿಸುತ್ತಿದ್ದೆ. ನಮ್ಮದೇ ವಾರ್ಡಿನಲ್ಲಿ ಅಪ್ಪ ಹೋದ ದಿನ ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ ಅಂತ ಆರು ವರ್ಷದಿಂದ ಹೇಳುತ್ತಿದ್ದೀಯ. ನೀನು ಕಂಡದ್ದು ನಿಜ.

ಐದನೇ ವಾರದ ತರಗತಿಯಲ್ಲಿ ಹನ್ನೊಂದನೇ ಉಸಿರಿನ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಹಿಡಿಯಲು ಹೋಗಲಿಲ್ಲ. ಉಸಿರು ತನ್ನ ಪಾಡಿಗೆ ತಾನು ಬಂದು ಹೋಯಿತು. ಆಮೇಲೆ ಅಳು ಬಂತು ನೋಡು, ಮೂಗು ಸೋರಿಸಿಕೊಂಡು, ಎಲ್ಲರ ಎದುರಿಗೇ. ಹಿರಿಯ ಸಿಸ್ಟರ್ ತಮ್ಮ ಕುರ್ಚಿಯನ್ನು ನನ್ನ ಕುರ್ಚಿಗೆ ತಾಗಿಸಿ ಕೂತರು. ಮನಸ್ಸು ಹಗುರವಾಯಿತು ಎಂದು ಸುಳ್ಳು ಹೇಳಲಾರೆ. ಅಪ್ಪನ ನೆನಪು ಈಗ ಹೆಚ್ಚೇ ನೋಯುತ್ತದೆ.

ನಿನಗೆ ನೋವು ಶುರುವಾದಾಗ ಎಣಿಸುವುದಿಲ್ಲ ಎಂದು ಮಾತು ಕೊಡಲಾರೆ. ಎಣಿಸುತ್ತಿದ್ದೇನೆಂದು ಗೊತ್ತಾದ ಕೂಡಲೇ ನಿಲ್ಲಿಸುತ್ತೇನೆ. ಅಷ್ಟು ಕಲಿತಿದ್ದೇನೆ. ಬರಲೇ?

ನಿನ್ನ
ಅಮ್ಮ

ತಾ.ಕ.: ಅಪ್ಪನ ಕೇಸ್ ಶೀಟಿನಲ್ಲಿ ಜೀವ ಹೋದ ಹೊತ್ತು ನಾಲ್ಕು ಇಪ್ಪತ್ತು ಎಂದಿದೆ. ನಾನು ಡಾಕ್ಟರನ್ನು ಕರೆದದ್ದು ಆಗ. ಅಪ್ಪ ಹೋದದ್ದು ನಾಲ್ಕು ಹತ್ತಕ್ಕೆ. ನೀನು ಔಷಧಿ ತರಲು ಕೆಳಗೆ ಹೋಗಿದ್ದೆ. ನಾನು ಪರದೆ ಎಳೆದು ಅವರ ಎದೆಯ ಮೇಲೆ ತಲೆಯಿಟ್ಟು ಅತ್ತೆ, ಆಮೇಲೆ ಮುಖ ತೊಳೆದುಕೊಂಡೆ. ಅಲ್ಲಿಯವರೆಗೆ ಯಾರನ್ನೂ ಕರೆಯಲಿಲ್ಲ, ನಿನ್ನನ್ನೂ. ಆ ಹತ್ತು ನಿಮಿಷ ನಿನಗೂ ಸೇರಬೇಕಿತ್ತು.