ಹಾಲು ಒಗ್ಗದ ಕೂಸು

ಕೆರೂರ,
ದಿನಾಂಕ 12-7-2025

ಪ್ರೀತಿಯ ಸುಧಾ,

ಹೇಗಿದ್ದೀಯ? ತಲೆನೋವು ಕಡಿಮೆಯಾಯಿತೇ? ಗುಡೂರಿನ ತವರಿನಲ್ಲಿ ಅತ್ತೆಯವರು ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿರಬೇಕು. ನೀನು ಮಾತ್ರ ಚಹಾದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿರುತ್ತೀಯ, ನನಗೆ ಗೊತ್ತು. ಇಲ್ಲಿ ಎಲ್ಲರೂ ಆರಾಮ. ನಿನ್ನ ಮುದ್ದಿನ ಕಿವಿಹರಕ ಆಡು ಹಗ್ಗದ ಮೇಲಿದ್ದ ನಿನ್ನ ಸೀರೆಯ ಸೆರಗನ್ನು ತಿಂದುಹಾಕಿದೆ. ಬಂದು ನೀನೇ ಬೈಯಬೇಕು. ಫೋನು ಮಾಡಿದರೆ ಎತ್ತುವುದಿಲ್ಲವಲ್ಲ, ಅದಕ್ಕೇ ಈ ಕಾಗದವನ್ನು ನಿನ್ನ ತಮ್ಮ ಬೀರಲಿಂಗನ ಕೈಯಲ್ಲಿ ಕಳಿಸುತ್ತಿದ್ದೇನೆ.

ಬೀರಲಿಂಗ ನಿನ್ನ ಮಾತು ಮುಟ್ಟಿಸಿದ. ನಮ್ಮ ಕೂಸಿನ ವಿಷಯ ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಅಳಿಸಿದರೆ ಮಾತ್ರ ಮನೆಗೆ ಬರುವೆನೆಂದೆಯಂತೆ. ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ನನ್ನ ಹಾಲು ವಿಷ ಅಂತ ಜಗತ್ತಿಗೆಲ್ಲಾ ಡಂಗುರ ಹೊಡದ್ರಲ್ಲಾ, ಸಮಾಧಾನ ಆತೇನ್ರಿ?” ನಾನು ಹಾಗೆ ಬರೆದಿಲ್ಲ ಸುಧಾ. ನಮ್ಮದು ಕುರಿ ಕಾಯುವ ಹಾಲುಮತದ ಮನೆ, ಮನೆದೇವರು ಬೀರಪ್ಪನಿಗೂ ಮೊದಲ ಎಡೆ ಹಾಲೇ. ಕೂಸು ಕುಡಿದದ್ದನ್ನೆಲ್ಲ ಕಕ್ಕಿ ಹಳದಿಯಾದಾಗ ಅವ್ವ, “ಆಡಿನ ಹಾಲು ಹಗುರ, ಅದನ್ನ ಹಾಕ್ರಿ” ಎಂದಳು. ಹಾಕಿದೆವು. ಹಾಲಿನೊಳಗಿನ ಸಿಹಿಯೇ ಕೂಸಿಗೆ ಒಗ್ಗದು, ತಾಯಿಯದಾಗಲಿ ಆಡಿನದಾಗಲಿ ಯಾವ ಹಾಲನ್ನೂ ಕೊಡಬಾರದಿತ್ತು ಎಂದು ರಕ್ತದ ವರದಿ ಬಂದ ಮೇಲೆ ತಿಳಿಯಿತು. ಅಷ್ಟರಲ್ಲಿ ಅವನನ್ನು ಮಣ್ಣು ಮಾಡಿ ಬಂದಿದ್ದೆವು. ಹೆಸರನ್ನೂ ಇಟ್ಟಿರಲಿಲ್ಲ.

ಆಮೇಲೆ ಫೋನಿನಲ್ಲಿ ಹುಡುಕಿದಾಗ ಬ್ರೆಜಿಲ್ ದೇಶದ ತಾಯಿಯೊಬ್ಬಳು ಇದೇ ಕಥೆಯನ್ನು ಯಾರು ಬೇಕಾದರೂ ಓದಲೆಂದು ಬರೆದಿಟ್ಟದ್ದು ಸಿಕ್ಕಿತು. ಅವಳ ಕೂಸೂ ಹೋಗಿದೆ. ಫೋನು ತೋರಿಸಿದ ಅರೆಬರೆ ಕನ್ನಡದಲ್ಲೇ ಓದಿ ಹೊಲದ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ನಮಗೆ ಮೊದಲೇ ಯಾರಾದರೂ ನಮ್ಮ ಮಾತಿನಲ್ಲಿ ಸರಿಯಾಗಿ ಹೇಳಿದ್ದರೆ ಎನ್ನಿಸಿತು. ಅದಕ್ಕೇ ಕನ್ನಡದಲ್ಲಿ ಬರೆದೆ. ಒಬ್ಬೊಬ್ಬರೂ ತಮ್ಮ ಸಂಕಟವನ್ನು ಮನೆಯೊಳಗೇ ಮುಚ್ಚಿಟ್ಟುಕೊಂಡರೆ ಮನುಷ್ಯರ ಮಕ್ಕಳು ಉಳಿಯುವುದು ಹೇಗೆ, ನೀನೇ ಹೇಳು. ಅಳಿಸಲು ನನಗೆ ಕೈ ಬರುತ್ತಿಲ್ಲ. ನೀನಿಲ್ಲದ ಮನೆಯಲ್ಲಿ ಇರಲೂ ಆಗುತ್ತಿಲ್ಲ.

ಅತ್ತೆ ಮಾವನಿಗೆ ನನ್ನ ಶರಣು ಹೇಳು. ಬೀರಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ,
ರಾಜಕುಮಾರ

ತಾ.ಕ.: ಬೀರಲಿಂಗ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದಾನೆ. ನಾನು ಬರೆದದ್ದರ ಕೆಳಗಿದ್ದ ನಂಬರು ನೋಡಿ ಇಳಕಲ್ಲಿನಿಂದ ನರ್ಗೀಸ ಎಂಬಾಕೆ ಫೋನು ಮಾಡಿದ್ದಳು. ಅವಳ ಕೂಸೂ ಹಾಗೇ ಹಳದಿಯಾಗಿ ಕಕ್ಕುತ್ತಿತ್ತಂತೆ. ನಾನು ಬರೆದದ್ದನ್ನು ಡಾಕ್ಟರಿಗೆ ತೋರಿಸಿದಳಂತೆ. ಅವರು ಕೂಡಲೇ ರಕ್ತ ತಪಾಸಣೆ ಮಾಡಿಸಿ ಹಾಲು ಬಿಡಿಸಿದರಂತೆ. ಈಗ ಅವಳ ಮಗ ಆರಾಮ, ಬೋರಲು ಬೀಳುತ್ತಾನಂತೆ. ಸೋಮವಾರ ಅವನನ್ನು ಎತ್ತಿಕೊಂಡು ಗುಡೂರಿಗೆ ನಿನ್ನನ್ನು ನೋಡಲು ಬರುತ್ತಾಳೆ, ಬೇಡವೆನ್ನಲು ನನ್ನಿಂದಾಗಲಿಲ್ಲ. ಒಂದು ಸಲ ಎತ್ತಿಕೋ. ಆಮೇಲೂ ನೀನು ಅಳಿಸು ಎಂದರೆ, ಅಳಿಸುತ್ತೇನೆ.