ಮೂರನೇ ಚರಣದ ಕೆಮ್ಮು

ಹೆಸ್ಲ್ ರಸ್ತೆ, ಹಲ್
14 ನವೆಂಬರ್ 2019

ಪ್ರಿಯ ನೆವಿಲ್,

ಬರ್ಗೆನ್ನಿನ ಮಳೆ ನಿನ್ನ ಗಂಟಲನ್ನು ಇನ್ನೂ ತಿಂದುಹಾಕಿಲ್ಲ ಎಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈದುಕೋ, ಆದರೆ ಓದುವುದನ್ನು ನಿಲ್ಲಿಸಬೇಡ. ಮ್ಯಾನೇಜರ್ ಆದವಳಿಗೆ ಬ್ಯಾಂಡ್ ಸಾಕುವುದಕ್ಕಿಂತ ಮುಚ್ಚುವುದೇ ದೊಡ್ಡ ಕೆಲಸ.

ಶನಿವಾರ ನಮ್ಮ ಕೋಲ್ಡ್ ಕೆಟಲ್ಸ್‌ನ ಕೊನೆಯ ಷೋ ಮುಗಿಯಿತು. ಸಭಾಂಗಣ ತುಂಬಿತ್ತು. ಪಬ್ಬಿನ ಹಿಂಬದಿ ಕೋಣೆಯಲ್ಲಿ ಶುರು ಮಾಡಿದಾಗ ಒಬ್ಬ ಮುದುಕ, ಅವನ ನಾಯಿ ಅಷ್ಟೇ ಇದ್ದದ್ದು. ಇಬ್ಬರಲ್ಲಿ ಅಭಿರುಚಿ ಇದ್ದದ್ದು ನಾಯಿಗೆ. ಆಮೇಲೆ ರೇಡಿಯೋ ನಮ್ಮನ್ನು ಎತ್ತಿತು, ಮೂರನೇ ಆಲ್ಬಂ ಕೆಡವಿತು, ನೀನು ಬಿಟ್ಟುಹೋದೆ, ನಿನ್ನ ಜಾಗಕ್ಕೆ ಹಾಡಲು ಬಂದ ರಿಯಾನನ್ ನಮ್ಮನ್ನು ಜರ್ಮನಿಯಲ್ಲಿ ಬದುಕಿಸಿದಳು. ಒಟ್ಟಾರೆ ಲಾಭವೇ.

ನಿನ್ನ 'ಕೊನೆಯ ದೋಣಿ' ಹಾಡಿನಲ್ಲಿ ಮೂರನೇ ಚರಣಕ್ಕೆ ಮುಂಚೆ ರಿಯಾನನ್ ಎಂದಿನಂತೆ ಹಾಡು ನಿಲ್ಲಿಸಿ ಕಾದಳು. ನನ್ನ ಪಕ್ಕದ ದಡಿಯ ಮಗಳನ್ನು ತಿವಿದ: "ಈಗ ಕೆಮ್ಮೇ, ಈಗ!"

"ಯಾಕಪ್ಪಾ?"

"ರೆಕಾರ್ಡಲ್ಲಿ ನೆವಿಲ್ ಕೆಮ್ಮಿದಾನಲ್ಲ. ನಾವು ಕೆಮ್ಮದಿದ್ರೆ ಹಾಡು ಮುಂದಕ್ಕೇ ಹೋಗಲ್ಲ."

ಇಡೀ ಸಭೆ ಕೆಮ್ಮಿತು. ಹಾಡು ಮುಂದಕ್ಕೆ ಹೋಯಿತು.

ಈಗ ವ್ಯವಹಾರ. ಕಂಪನಿಯವರು ನಮ್ಮ ಮೊದಲ ಆಲ್ಬಂ ಮತ್ತೆ ತರುತ್ತಿದ್ದಾರೆ. ಅದನ್ನು ತಿದ್ದುವ ಹುಡುಗ, "ಆ ಕೆಮ್ಮು ಇತ್ತು ಅಂತಾನೇ ಗೊತ್ತಾಗದ ಹಾಗೆ ಒರೆಸಿ ಹಾಕ್ತೀನಿ ಗ್ಲೆಂಡಾ," ಎಂದ. "ಮೊದ್ಲು ನಿನ್ನ ಮೂಗು ಒರೆಸ್ಕೋ," ಎಂದೆ. ಹಾಡು ಬರೆದವನು ನೀನು. ನಿನ್ನ ಸಹಿಯಿಲ್ಲದೆ ಮುಟ್ಟುವಂತಿಲ್ಲ. ಕಾಗದ ಬರುತ್ತದೆ, ಸಹಿ ಹಾಕಬೇಡ. ಮೀನಂಗಡಿಯಲ್ಲಿ ಬೆಳೆದವಳ ಮಾತು ಕೇಳು: ಗಿರಾಕಿ ವಾಸನೆ ಹಿಡಿದುಕೊಂಡೇ ಬರುವಾಗ ಮೀನಿಗೆ ಅತ್ತರು ಪೂಸಬಾರದು.

ಉಳಿದಂತೆ ಸುಖವಾಗಿದ್ದೇನೆ. ವ್ಯಾನ್ ಮಾರಿದೆ. ಅಲೆಕ್ ತೀರಿಕೊಂಡಾಗ ನೀನು ಕಳಿಸಿದ ಗಿಡ ಕಿಟಕಿಯಲ್ಲಿ ಮತ್ತೆ ಹೂ ಬಿಟ್ಟಿದೆ. ಅವನ ಡ್ರಮ್‌ಗಳನ್ನು ರಿಯಾನನ್‌ಳ ಮಗಳಿಗೆ ಕೊಟ್ಟೆ. ಅವಳ ಪಕ್ಕದ ಮನೆಯವರು ನನಗೆ ಶಾಪ ಹಾಕುತ್ತಿದ್ದಾರಂತೆ. ನನ್ನ ಗಂಡನಿಗೆ ಇದಕ್ಕಿಂತ ಒಳ್ಳೆಯ ಶ್ರದ್ಧಾಂಜಲಿ ಬೇಕೆ?

ಗಂಟಲು ಬೆಚ್ಚಗಿಟ್ಟುಕೋ. ನೂರು ವರ್ಷ ಸುಳ್ಳು ಹೇಳಿಕೊಂಡು ಬಾಳು.

ನಿನ್ನ
ಗ್ಲೆಂಡಾ

ತಾ.ಕ.: ಆ ಕೆಮ್ಮು ನಿನ್ನದೇ ಎಂದು ಪತ್ರಿಕೆಯವರಿಗೆಲ್ಲ ಹೇಳಿಕೊಂಡು ಬಂದೆಯಲ್ಲ, ಅದು ಅಲೆಕ್‌ನದು. "ಇರ್ಲಿ ಬಿಡೇ, ಅವನೇ ಇಟ್ಕೊಳ್ಲಿ," ಎಂದು ನಗುತ್ತಿದ್ದ. ಡ್ರಮ್ ಬಾರಿಸುವವನ ಕೈಯಲ್ಲಿ ಯಾರು ಹಾಡಿಸುತ್ತಾರೆ? ನಮ್ಮ ಅಷ್ಟೂ ರೆಕಾರ್ಡುಗಳಲ್ಲಿ ಅವನ ಬಾಯಿಂದ ಬಂದದ್ದು ಅದೊಂದೇ. ಮನೆಯಲ್ಲೂ ಅವನ ದನಿ ಬೇರೆಲ್ಲೂ ಉಳಿದಿಲ್ಲ. ಶನಿವಾರ ಎಲ್ಲರೂ ಕೆಮ್ಮಿದಾಗ ನಾನೊಬ್ಬಳು ಕೆಮ್ಮಲಿಲ್ಲ, ನೆವಿಲ್. ಕೇಳಿಸಿಕೊಳ್ಳುತ್ತಿದ್ದೆ.