ಜಗಲಿಯ ಮೇಲಿಟ್ಟ ಗಂಜಿ

ಅತ್ತೆ,

ನಿಮ್ಮ ಸೊಸೆ ಸುಗುಣ ಬರೆಯುತ್ತಿದ್ದೇನೆ. ನೀವಿದ್ದಾಗ ಎದುರಿಗೆ ನಿಂತು ವಾದ ಮಾಡುತ್ತಿದ್ದವಳು ಈಗ ಕಾಗದ ಹಿಡಿದು ಕೂತಿದ್ದೇನೆ, ನಗಬೇಡಿ. ವೆಂಕಟರವಣಪ್ಪ ಸತ್ತು ಇವತ್ತಿಗೆ ಹನ್ನೆರಡು ದಿನ. ಹೇಗೆ ಸತ್ತ ಎಂಬುದು ಇಡೀ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು.

ಮಾವ ತೀರಿಕೊಂಡ ದಿನ ನೆನಪಿದೆಯೇ? ಶವದ ಪೆಟ್ಟಿಗೆ ಹೊತ್ತವರನ್ನು ಅವನು ತನ್ನ ದ್ರಾಕ್ಷಿ ತೋಟದ ಬದುವಿನಲ್ಲಿ ಅಡ್ಡಗಟ್ಟಿದ. “ನಿಮ್ಮೋರ ಹೆಣ ನಮ್ ಜಮೀನ್ ಮೇಲೆ ಹೋಗೋ ಹಂಗಿಲ್ಲ” ಎಂದ. ಕೆರೆಯಂಗಳದ ಕೆಸರಲ್ಲಿ ಮೊಣಕಾಲುದ್ದ ಹೂತುಕೊಂಡು ಮಾವನನ್ನು ಸಮಾಧಿಗೆ ಒಯ್ದೆವು. ಪೆಟ್ಟಿಗೆ ಎರಡು ಸಲ ಜಾರಿತು. ಅವನ ಮನೆ ಹಾಳಾಗಲಿ ಎಂದು ನಾನು ಶಾಪ ಹಾಕುತ್ತಿದ್ದರೆ ನೀವು ನನ್ನ ಬಾಯಿಗೆ ಕೈ ಅಡ್ಡ ಇಟ್ಟಿರಿ.

ಅವನಿಗೆ ಲಕ್ವ ಹೊಡೆದಾಗ ನೋಡುವವರೇ ಇರಲಿಲ್ಲ. ಹೆಂಡತಿ ಮೊದಲೇ ತೀರಿಹೋಗಿದ್ದಳು, ಮಕ್ಕಳಿಲ್ಲ. ಚಿಂತಾಮಣಿಯಿಂದ ತಮ್ಮ ಬಂದು ಒಂದು ಮೂಟೆ ಅಕ್ಕಿ ಇಳಿಸಿ ಹೋದ. ಬೇಯಿಸುವವರು ಯಾರು? ಮಾರನೆಯ ದಿನವೇ ನೀವು ಗಂಜಿ ಪಾತ್ರೆ ಎತ್ತಿಕೊಂಡಿರಿ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಮಾವನ ಹೆಣ ತಡೆದೋನಿಗೆ ಗಂಜಿನಾ ಅತ್ತೆ? ಮಾನ ಮರ್ಯಾದೆ ಬೇಡ್ವಾ?”

“ಒಳ್ಳೇವ್ರಿಗೆ ಹಾಕೋಕೆ ಊರೆಲ್ಲಾ ಇದೆ ಕಣಮ್ಮ. ಇವನಿಗೆ ಯಾರಿದಾರೆ? ಪಾಪಂ. ಜರುಗು, ಆರೋಗ್ತದೆ.”

ಎರಡು ವರ್ಷ ಉಣ್ಣಿಸಿದಿರಿ, ಮೈ ಒರೆಸಿದಿರಿ. ಅವನು ಒಂದು ದಿನವಾದರೂ ತಪ್ಪಾಯಿತು ಎಂದನೇ? ಗಂಜಿಗೆ ಉಪ್ಪು ಕಮ್ಮಿ ಎಂದು ಗೊಣಗಿದ್ದು ಮಾತ್ರ ನನಗೆ ಗೊತ್ತು.

ಆಸ್ಪತ್ರೆಯಲ್ಲಿ ಕೊನೆಗೆ ನೀವು ಕೇಳಿದ್ದೂ ಅದೊಂದೇ. “ಅವನ ಗಂಜಿ ನಿಲ್ಲಿಸ್ಬೇಡ ಕಣಮ್ಮ.” ಆಗಲಿ ಎಂದೆ. ಸಾಯುವವರಿಗೆ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನಾಲ್ಕು ತಿಂಗಳು ಕೊಟ್ಟೆ ಕೂಡ, ಮುಖ ಸಿಂಡರಿಸಿಕೊಂಡು, ಬಾಯಿಗೆ ಚಮಚ ತುರುಕಿ.

ಆಮೇಲೆ ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದವು. ನಿಮಗೆ ಗೊತ್ತಲ್ಲ, ಅಲ್ಲಿಂದ ಗೂಡು ಕಟ್ಟುವ ತನಕ ಕಾಯಿಲೆ ಮನೆಗೆ ಹೋದವರು ಹುಳುಮನೆಗೆ ಕಾಲಿಡುವಂತಿಲ್ಲ. ನೀವಾದರೆ ಹುಳುವನ್ನು ನನಗೆ ಬಿಟ್ಟು ಅವನ ಮನೆಗೆ ಹೋಗುತ್ತಿದ್ದಿರಿ. ಈಗ ಹುಳುವಿಗೆ ಸೊಪ್ಪು ಹಾಕುವವಳು ನಾನೊಬ್ಬಳೇ. ನಿಮ್ಮ ಮಗ, “ಜಗಲಿ ಮೇಲೆ ಇಟ್ಟು ಕೂಗ್ಬಿಟ್ ಬಾ, ಗೋಡೆ ಹಿಡ್ಕೊಂಡು ಬರ್ತಾನೆ” ಎಂದರು. ನನಗೂ ಅದೇ ಬೇಕಿತ್ತು, ನಿಮ್ಮ ಹತ್ತಿರ ಸುಳ್ಳೇಕೆ? ಅವನ ಮುಖ ನೋಡದೆ ಇರಲು ಒಂದು ನೆಪ ಸಿಕ್ಕಿತು, ಹಿಡಿದುಕೊಂಡೆ.

ಮೊದಲ ದಿನದ ಪಾತ್ರೆ ಖಾಲಿಯಾಗಿತ್ತು. ಎರಡನೆಯ ದಿನದ್ದೂ. ಹಸಿವಾದರೆ ದೊಡ್ಡ ಮನುಷ್ಯರೂ ತೆವಳುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕೆ. ಮೂರನೆಯ ದಿನ ಹೋದಾಗ ಜಗಲಿಯ ಮೇಲೆ ಬೀದಿ ನಾಯಿ ಮಲಗಿತ್ತು. ಅದರ ಮೂತಿಗೆ ಅನ್ನದಗುಳು ಅಂಟಿತ್ತು. ನೋಡಿದೆ, ಅತ್ತೆ. ಚೆನ್ನಾಗಿಯೇ ನೋಡಿದೆ. ನಾಯಿಯನ್ನು ಓಡಿಸಿ, ಆವತ್ತಿನ ಗಂಜಿ ಪಾತ್ರೆಗೆ ತಟ್ಟೆ ಮುಚ್ಚಿ, ಮೇಲೊಂದು ಕಲ್ಲು ಹೇರಿದೆ. ಒಳಗಿನಿಂದ ಏನೋ ಸದ್ದು ಬಂತು, ಕೂಗೋ ನರಳಾಟವೋ... ಮನೆಯಲ್ಲಿ ಸೊಪ್ಪು ಬಾಡುತ್ತದೆ ಎಂದು ತಿರುಗಿ ಬಂದುಬಿಟ್ಟೆ.

ನಾಲ್ಕನೆಯ ದಿನ ಕಲ್ಲು ಇಟ್ಟಲ್ಲೇ ಇತ್ತು. ಆಗ ಒಳಗೆ ಹೋದೆ. ಅವನು ಹಾಸಿಗೆಯಲ್ಲಿರಲಿಲ್ಲ. ಹೊಸ್ತಿಲಿಗೆ ಒಂದು ಮಾರು ದೂರದಲ್ಲಿ ಬೋರಲು ಬಿದ್ದಿದ್ದ. ಮೊಣಕೈ ತರಚಿ ರಕ್ತ ಒಣಗಿತ್ತು. ನಿಮ್ಮ ಹಾಗೆಯೇ ಬಟ್ಟೆ ನೆನೆಸಿ ಮೈ ಒರೆಸಿದೆ. ಆ ಮೈಗೆ ಅದು ತಿಳಿಯುವ ಕಾಲ ಮುಗಿದಿತ್ತು.

ತಮ್ಮ ಬಂದವನು ನನಗೆ ಕೈ ಮುಗಿದ. “ಸ್ವಂತ ಅಕ್ಕ ತಂಗೀರೂ ಹಿಂಗ್ ನೋಡ್ಕೊಳಲ್ಲ ಕಣಮ್ಮ” ಎಂದ. ನಾನೂ ಕೈ ಮುಗಿದೆ. ಹೋದ ಭಾನುವಾರ ಚರ್ಚಿನಲ್ಲಿ ಅಯ್ಯನವರು ಕನಿಕರದ ಮೇಲೆ ಪ್ರಸಂಗ ಮಾಡಿ, ಶತ್ರುವಿಗೂ ಅನ್ನ ಇಟ್ಟವಳು ಎಂದು ಸಭೆಯೆದುರು ನನ್ನ ಹೆಸರು ಎತ್ತಿದರು. ಎಲ್ಲರೂ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು. ಹುಳುಗಳೂ ಚೆನ್ನಾಗಿ ಗೂಡು ಕಟ್ಟಿದವು, ಈ ಸಲ ಒಂದಕ್ಕೂ ರೋಗ ತಗುಲಲಿಲ್ಲ.

ಅವನು ತಡೆದದ್ದು ಸತ್ತವರನ್ನು. ನಾನು... ಬೇಡ.

ನಾಳೆ ಭಾನುವಾರ. ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು ನಾಯಿಯ ವಿಷಯ ಹೇಳುತ್ತೇನೆ. ನಿಮ್ಮ ಮಗನಿಗೂ ಇನ್ನೂ ಹೇಳಿಲ್ಲ, ಅಲ್ಲೇ ಗೊತ್ತಾಗಲಿ. ಆಮೇಲೆ ಚಿಂತಾಮಣಿಗೆ ಹೋಗಿ ಅವನ ತಮ್ಮನಿಗೆ ಹೇಳುತ್ತೇನೆ. ಅವರು ಉಗಿದರೆ ಉಗಿಯಲಿ.

ನೀವಿರುವ ಕಡೆ ವೆಂಕಟರವಣಪ್ಪ ಸಿಕ್ಕರೆ ನನ್ನ ಪರವಾಗಿ ಕ್ಷಮೆ ಕೇಳಬೇಡಿ, ಅತ್ತೆ. ಕಂಡ ತಕ್ಷಣ ಕೇಳಿಬಿಡುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು. ನಾನು ಬರುವ ತನಕ ಇರಲಿ. ಅವನನ್ನು ನಾನೇ ಕೇಳಬೇಕು.

ನಿಮ್ಮ ಸುಗುಣ